ಹುಲಿಯ ಉಳಿವು ಮತ್ತು ಕಾಡಂಚಿನ ಗ್ರಾಮಗಳು
(ಆಂಡರ್ಸನ್‌ಪೇಟೆ, ಬಂಗಾರಪೇಟೆ ಹಾಗೂ ಸುತ್ತಲಿನ ಪ್ರದೇಶದ ಸಾರ್ವಜನಿಕರ ತಿಳಿವಳಿಕೆಗಾಗಿ)

ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯು ಕರ್ನಾಟಕ, ಆಂಧ್ರಪ್ರದೇಶ ಮತ್ತು ತಮಿಳುನಾಡು ರಾಜ್ಯಗಳ ಗಡಿಗಳು ಸೇರುವ ಭಾಗಕ್ಕೆ ಸಮೀಪದಲ್ಲಿರುತ್ತದೆ. ಕೋಲಾರ ಜಿಲ್ಲೆಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಿಲ್ಲ. ಇಲ್ಲಿನ ಕುರುಚಲು ಕಾಡುಗಳಲ್ಲಿ ನೆಲೆನಿಂತ ಹುಲಿಗಳೂ ಇಲ್ಲ. ಚಿರತೆಗಳಿವೆ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಮತ್ತು ಬೂದಿಕೋಟೆ ಭಾಗಗಳಿಗೆ ಗಡಿಯಾಚೆಯ ಕಾಡುಗಳಿಂದ ಕಾಡಾನೆಗಳು ಬಂದು ಹೋಗುತ್ತವೆ.

ಹೀಗಿರುವಾಗ ಹುಲಿಯ ವಿಷಯವು ಈ ಭಾಗದ ಜನರಿಗೆ ಏಕೆ ಸಂಬಂಧಿಸುತ್ತದೆ ಎಂಬ ಪ್ರಶ್ನೆ ಸಹಜವಾದುದು. ಹುಲಿಯ ಅಳಿವು ಉಳಿವುಗಳು ದಟ್ಟ ಕಾಡಿನ ಒಳಗೆ ಮಾತ್ರ ನಿರ್ಧಾರವಾಗುವುದಿಲ್ಲ. ಕಾಡು ಮುಗಿದು ಹೊಲ ಆರಂಭವಾಗುವ ಅಂಚಿನಲ್ಲಿ, ಹಸುವನ್ನು ಕಳೆದುಕೊಂಡ ರೈತನ ಮನೆಯ ಅಂಗಳದಲ್ಲಿಯೂ ಅವು ನಿರ್ಧಾರವಾಗುತ್ತವೆ. ಅಂತಹ ಅಂಚು ಈ ಪ್ರದೇಶದಲ್ಲಿಯೂ ಇದೆ. ಹುಲಿಯ ಜೀವನಕ್ರಮ, ಅದಕ್ಕೆ ಒದಗಿರುವ ಅಪಾಯಗಳು ಹಾಗೂ ಈ ವಿಷಯದಲ್ಲಿ ಸಾರ್ವಜನಿಕರ ಪಾತ್ರವನ್ನು ಮುಂದೆ ವಿವರಿಸಲಾಗಿದೆ.

ಹುಲಿಯ ಜೀವನಕ್ರಮ

ಹುಲಿಯು ಒಂಟಿಯಾಗಿ ಸಂಚರಿಸುವ ಪ್ರಾಣಿ. ಪ್ರತಿಯೊಂದು ಹುಲಿಯೂ ತನ್ನದೇ ಆದ ಗಡಿಯನ್ನು ಗುರುತಿಸಿಕೊಂಡು ಅದನ್ನು ಕಾಯ್ದುಕೊಳ್ಳುತ್ತದೆ. ಒಂದು ಗಂಡು ಹುಲಿಯ ವ್ಯಾಪ್ತಿಯೊಳಗೆ ಎರಡು ಮೂರು ಹೆಣ್ಣು ಹುಲಿಗಳು ನೆಲೆಸಿರುವುದುಂಟು. ಹೆಣ್ಣು ಹುಲಿಯು ಸುಮಾರು ಮೂರೂವರೆ ತಿಂಗಳ ಗರ್ಭಾವಧಿಯ ನಂತರ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳನ್ನು ಹಾಕುತ್ತದೆ. ಮರಿಗಳು ಒಂದೂವರೆಯಿಂದ ಎರಡು ವರ್ಷಗಳವರೆಗೆ ತಾಯಿಯೊಂದಿಗಿದ್ದು ಬೇಟೆಯನ್ನು ಕಲಿಯುತ್ತವೆ. ಆದುದರಿಂದ ಒಂದು ತಾಯಿ ಹುಲಿ ಸತ್ತರೆ ಅದರ ಮರಿಗಳೂ ಬದುಕುಳಿಯುವುದು ಕಷ್ಟ.

ಹುಲಿಯ ಆಹಾರ ಮುಖ್ಯವಾಗಿ ಚುಕ್ಕೆ ಜಿಂಕೆ, ಕಡವೆ, ಕಾಟಿ ಮತ್ತು ಕಾಡುಹಂದಿ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಬೇಟೆ ಪ್ರಾಣಿಗಳ ಸಂತತಿ ಕುಗ್ಗದಂತೆ ಇದು ನಡೆಯಬೇಕಾದರೆ ಒಂದು ಹುಲಿಯ ಹಿಂದೆ ಸುಮಾರು 500 ಬೇಟೆ ಪ್ರಾಣಿಗಳು ಕಾಡಿನಲ್ಲಿರಬೇಕು ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. ನಾಗರಹೊಳೆಯಲ್ಲಿ 1980ರ ದಶಕದಿಂದ ಡಾ. ಕೆ. ಉಲ್ಲಾಸ ಕಾರಂತ ಅವರು ನಡೆಸಿದ ದೀರ್ಘಕಾಲದ ಅಧ್ಯಯನಗಳು, ಬೇಟೆ ಪ್ರಾಣಿಗಳು ಹೇರಳವಾಗಿರುವಲ್ಲಿ ಹುಲಿಗಳ ಸಾಂದ್ರತೆಯೂ ಹೆಚ್ಚಾಗಿರುತ್ತದೆ ಎಂಬುದನ್ನು ತೋರಿಸಿಕೊಟ್ಟಿವೆ.

ಹುಲಿಯ ಆಹಾರಕ್ರಮದಲ್ಲಿ ಇನ್ನೊಂದು ಅಂಶ ಗಮನಾರ್ಹವಾದುದು. ದೊಡ್ಡ ಪ್ರಾಣಿಯನ್ನು ಕೊಂದ ಹುಲಿಯು ಅದನ್ನು ಒಂದೇ ಬಾರಿಗೆ ತಿಂದು ಮುಗಿಸುವುದಿಲ್ಲ. ಹತ್ತಿರದಲ್ಲಿಯೇ ವಿಶ್ರಮಿಸಿ, ಮೂರು ನಾಲ್ಕು ದಿನಗಳವರೆಗೆ ಅದೇ ಕಳೇಬರಕ್ಕೆ ಮರಳುತ್ತದೆ. ತಾಯಿ ಹುಲಿಯು ತನ್ನ ಮರಿಗಳನ್ನೂ ಅಲ್ಲಿಗೆ ಕರೆತರುತ್ತದೆ. ಈ ಅಭ್ಯಾಸವೇ ಅದರ ಪ್ರಾಣಕ್ಕೆ ಎರವಾಗುತ್ತಿರುವುದನ್ನು ಮುಂದೆ ಕಾಣಬಹುದು.

ಹುಲಿಗಳ ಸಂಖ್ಯೆ: ಅಂದಿನಿಂದ ಇಂದಿನವರೆಗೆ

ಬ್ರಿಟಿಷರ ಆಳ್ವಿಕೆಯಲ್ಲಿ ಹುಲಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಪರಿಗಣಿಸಿ, ಕೊಂದವರಿಗೆ ಬಹುಮಾನ ನೀಡಲಾಗುತ್ತಿತ್ತು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ದೇಶದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಅಂದಾಜಿಸಿರುತ್ತಾರೆ. ರಾಜಮಹಾರಾಜರ ಬೇಟೆಯೂ ಇದಕ್ಕೆ ಸೇರಿತ್ತು. ಇಂದಿನ ಬಂಡೀಪುರದ ಕಾಡು ಮೈಸೂರು ಮಹಾರಾಜರ ಬೇಟೆಯ ತಾಣವಾಗಿತ್ತು. 1941ರಲ್ಲಿ ಅಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಲಾಯಿತು.

1972ರ ಗಣತಿಯಲ್ಲಿ ದೇಶದಲ್ಲಿ ಸುಮಾರು 1,827 ಹುಲಿಗಳು ಮಾತ್ರ ಉಳಿದಿರುವುದಾಗಿ ತಿಳಿದುಬಂದಿತು. ಅದೇ ವರ್ಷ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ ಜಾರಿಗೆ ಬಂದಿತು. 1973ರ ಏಪ್ರಿಲ್ 1ರಂದು ‘ಹುಲಿ ಯೋಜನೆ’ ಆರಂಭವಾಯಿತು. ಮೊದಲ ಹಂತದಲ್ಲಿ ಆಯ್ಕೆಯಾದ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಮುಂದೆ ಭದ್ರಾ, ನಾಗರಹೊಳೆ, ಅಣಶಿ–ದಾಂಡೇಲಿ (ಇಂದಿನ ಕಾಳಿ) ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಪ್ರದೇಶಗಳು ಸೇರಿ ಕರ್ನಾಟಕದಲ್ಲಿ ಐದು ಹುಲಿ ಸಂರಕ್ಷಿತ ಪ್ರದೇಶಗಳಾದವು.

ಈ ಹಾದಿಯು ಅಡೆತಡೆಗಳಿಲ್ಲದೆ ಸಾಗಲಿಲ್ಲ. 2005ರ ವೇಳೆಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು ಬಹಿರಂಗವಾಯಿತು. 2009ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿಯೂ ಅದೇ ಸ್ಥಿತಿ ಉಂಟಾಯಿತು. ಹುಲಿಗಳಿವೆಯೆಂದು ಕಾಗದದ ಮೇಲೆ ತೋರಿಸಲಾಗಿದ್ದ ಕಾಡುಗಳು ಬರಿದಾಗಿದ್ದವು. ಹೆಜ್ಜೆ ಗುರುತುಗಳನ್ನು ಎಣಿಸುವ ಹಳೆಯ ಗಣತಿಯ ದೋಷ ಸರಿಸ್ಕಾ ಪ್ರಕರಣದಿಂದ ಸ್ಪಷ್ಟವಾಯಿತು. 2006ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು. ಕ್ಯಾಮರಾ ಚಿತ್ರಗಳನ್ನು ಆಧರಿಸಿದ ಅಂದಾಜು ಬಳಕೆಗೆ ಬಂದಿತು. ಬೆರಳಚ್ಚಿನಂತೆಯೇ ಪ್ರತಿ ಹುಲಿಯ ಪಟ್ಟೆಗಳೂ ಬೇರೆ ಬೇರೆಯಾಗಿರುವುದರಿಂದ, ಚಿತ್ರದಲ್ಲಿ ಕಂಡ ಹುಲಿ ಯಾವುದೆಂದು ಗುರುತಿಸಲು ಸಾಧ್ಯವಾಗುತ್ತದೆ.

ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಈ ಅಂದಾಜಿನ ಅಂಕಿಗಳು ಕೆಳಕಂಡಂತಿವೆ:

2006 – ದೇಶದಲ್ಲಿ 1,411, ಕರ್ನಾಟಕದಲ್ಲಿ 290
2010 – ದೇಶದಲ್ಲಿ 1,706, ಕರ್ನಾಟಕದಲ್ಲಿ 300
2014 – ದೇಶದಲ್ಲಿ 2,226, ಕರ್ನಾಟಕದಲ್ಲಿ 406
2018 – ದೇಶದಲ್ಲಿ 2,967, ಕರ್ನಾಟಕದಲ್ಲಿ 524
2022 – ದೇಶದಲ್ಲಿ 3,682, ಕರ್ನಾಟಕದಲ್ಲಿ 563

2022ರ ಅಂದಾಜಿನಲ್ಲಿ ಮಧ್ಯಪ್ರದೇಶದ ನಂತರ ಕರ್ನಾಟಕವು ಎರಡನೆಯ ಸ್ಥಾನದಲ್ಲಿತ್ತು. ಬಂಡೀಪುರದಲ್ಲಿ 150 ಹಾಗೂ ನಾಗರಹೊಳೆಯಲ್ಲಿ 141 ಹುಲಿಗಳಿದ್ದವು. ಈ ಏರಿಕೆಯು ಸಂತೋಷದ ವಿಷಯ. ಆದರೆ ಹುಲಿಗಳು ಹೆಚ್ಚಿದಂತೆ ಕಾಡು ಹೆಚ್ಚುವುದಿಲ್ಲ. ಹೊಸ ನೆಲೆಯನ್ನು ಹುಡುಕುವ ಎಳೆಯ ಹುಲಿ ಮತ್ತು ಶಕ್ತಿ ಕುಂದಿದ ಮುದಿ ಹುಲಿ ಎರಡೂ ಕಾಡಿನ ಅಂಚಿಗೆ ತಳ್ಳಲ್ಪಡುತ್ತವೆ.

ಹುಲಿಯ ಉಳಿವಿಗೆ ಇರುವ ಅಪಾಯಗಳು

1. ವಿಷಪ್ರಾಶನ

2025ರ ಜೂನ್ ತಿಂಗಳಿನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿರುವುದು ಕಂಡುಬಂದಿತು. ಸಮೀಪದಲ್ಲಿಯೇ ಹಸುವೊಂದರ ಕಳೇಬರವಿತ್ತು. ಹುಲಿ ಕೊಂದಿದ್ದ ಆ ಹಸುವಿನ ದೇಹಕ್ಕೆ ವಿಷ ಬೆರೆಸಲಾಗಿದ್ದುದು ತನಿಖೆಯಲ್ಲಿ ಬೆಳಕಿಗೆ ಬಂದು, ಸಂಬಂಧಪಟ್ಟವರನ್ನು ಬಂಧಿಸಲಾಯಿತು. ತನ್ನ ಬೇಟೆಗೆ ಮರಳಿ ಬರುವ, ಮರಿಗಳನ್ನೂ ಕರೆತರುವ ಹುಲಿಯ ಸ್ವಭಾವದಿಂದಾಗಿ ಒಂದು ಕಳೇಬರದಿಂದ ಐದು ಜೀವಗಳು ಹೋದವು.

ಹುಲಿಯನ್ನೇ ವಾಹನವಾಗಿ ಮಾಡಿಕೊಂಡ ಮಾದಪ್ಪನ ಬೆಟ್ಟದ ಮಡಿಲಿನಲ್ಲಿ ಇದು ನಡೆದುದು ಭಕ್ತರನ್ನೂ ನೋಯಿಸಿತು. ಆದರೆ ಈ ಘಟನೆಯ ಹಿಂದಿನ ಸ್ಥಿತಿಯನ್ನೂ ತಿಳಿಯುವುದು ಅಗತ್ಯ. ಆ ಭಾಗದ ಕಾಡಿನಲ್ಲಿ ದನಗಳನ್ನು ದೊಡ್ಡಿಗಳಲ್ಲಿ ಕೂಡಿಟ್ಟು ಮೇಯಿಸುವ ಪದ್ಧತಿ ಬಹಳ ಹಿಂದಿನಿಂದ ಬಂದುದು. ದನಗಾಹಿಗೆ ಒಂದು ಹಸುವೆಂದರೆ ಹಾಲು, ಗೊಬ್ಬರ ಮತ್ತು ಕಷ್ಟಕಾಲದ ಉಳಿತಾಯ. ಅದು ಹೋದ ದಿನ ಅವನ ಸಿಟ್ಟನ್ನು ಕೇಳುವವರು ಯಾರೂ ಇಲ್ಲದಿದ್ದರೆ, ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಕೀಟನಾಶಕವೇ ಅವನ ಕೈಗೆ ಸಿಗುವ ಆಯುಧವಾಗುತ್ತದೆ. ಘಟನೆಯ ನಂತರ ಕಾಡಿನೊಳಗೆ ದನ ಮೇಯಿಸುವುದನ್ನು ನಿರ್ಬಂಧಿಸಲು ಸರ್ಕಾರವು ಮುಂದಾದಾಗ, ಕಾಡಂಚಿನ ಜನರಿಂದ ವಿರೋಧವೂ ವ್ಯಕ್ತವಾಯಿತು. ಮೇವಿಗೆ ಬೇರೆ ದಾರಿಯನ್ನು ತೋರದೆ ಈ ಸಮಸ್ಯೆ ಪೂರ್ಣವಾಗಿ ಬಗೆಹರಿಯುವುದಿಲ್ಲ.

2. ಬೇಟೆ ಪ್ರಾಣಿಗಳ ಕೊರತೆ

ಮಾಂಸಕ್ಕಾಗಿ ಜಿಂಕೆ, ಕಡವೆ ಮತ್ತು ಕಾಡುಹಂದಿಗಳನ್ನು ಕೊಲ್ಲುವುದರಿಂದ ಹುಲಿಯ ಆಹಾರ ಬರಿದಾಗುತ್ತದೆ. ಹಂದಿಗಾಗಿ ಬೇಲಿಯಲ್ಲಿ ಕಟ್ಟಿದ ತಂತಿಯ ಉರುಳಿಗೆ ಹುಲಿ, ಚಿರತೆ, ಕರಡಿಗಳೂ ಸಿಕ್ಕಿಕೊಳ್ಳುತ್ತವೆ. ಬೇಲಿಗೆ ಕಾನೂನುಬಾಹಿರವಾಗಿ ಹರಿಸಿದ ವಿದ್ಯುತ್ತು ಆನೆಗಳನ್ನೂ, ಕೆಲವೊಮ್ಮೆ ಮನುಷ್ಯರನ್ನೂ ಬಲಿ ತೆಗೆದುಕೊಳ್ಳುತ್ತದೆ. ಬೇಟೆ ಪ್ರಾಣಿಗಳಿಲ್ಲದ ಕಾಡು ಹೊರನೋಟಕ್ಕೆ ಹಸಿರಾಗಿದ್ದರೂ ಹುಲಿಯ ಪಾಲಿಗೆ ಬರಡೇ ಸರಿ. ಅಲ್ಲಿ ಹಸಿದ ಹುಲಿಗೆ ಉಳಿಯುವ ದಾರಿ ದನದ ಕೊಟ್ಟಿಗೆ.

3. ಕಳ್ಳಬೇಟೆ ಮತ್ತು ಅಂಗಾಂಗಗಳ ಮಾರಾಟ

ಹುಲಿಯ ಚರ್ಮ, ಮೂಳೆ, ಉಗುರು ಮತ್ತು ಹಲ್ಲುಗಳಿಗೆ ಅಂತರರಾಷ್ಟ್ರೀಯ ಕಳ್ಳಮಾರುಕಟ್ಟೆಯಿದೆ. ಕೆಲವು ದೇಶಗಳಲ್ಲಿ ಮೂಳೆಯನ್ನು ಸಾಂಪ್ರದಾಯಿಕ ಔಷಧಿಗಳಿಗೆ ಬಳಸುವ ರೂಢಿಯೇ ಇದಕ್ಕೆ ಮುಖ್ಯ ಕಾರಣ. ನಮ್ಮಲ್ಲಿ ಹುಲಿಯುಗುರಿನ ಪದಕವನ್ನು ಧರಿಸುವುದು ಪ್ರತಿಷ್ಠೆಯೆಂದೂ, ಮಕ್ಕಳಿಗೆ ಕಟ್ಟಿದರೆ ರಕ್ಷೆಯೆಂದೂ ಭಾವಿಸುವವರಿದ್ದಾರೆ. 2023ರಲ್ಲಿ ಇಂತಹ ಪದಕಗಳನ್ನು ಧರಿಸಿದವರ ಮೇಲೆ ರಾಜ್ಯದಲ್ಲಿ ಪ್ರಕರಣಗಳು ದಾಖಲಾಗಿ ವಿಷಯವು ಮನೆಮನೆಯ ಚರ್ಚೆಯಾಯಿತು. ಹುಲಿಯು ಅಧಿನಿಯಮದ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಲ್ಲುವುದಷ್ಟೇ ಅಲ್ಲ, ಅದರ ಅಂಗಾಂಗಗಳನ್ನು ಅನಧಿಕೃತವಾಗಿ ಇಟ್ಟುಕೊಳ್ಳುವುದೂ ಅಪರಾಧ. ಇದಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡವನ್ನು ವಿಧಿಸಬಹುದಾಗಿರುತ್ತದೆ.

4. ತುಂಡಾಗುತ್ತಿರುವ ಕಾಡುಗಳು

ಹುಲಿಯು ನೆಲೆಗಾಗಿ ಬಹು ದೂರ ನಡೆಯಬಲ್ಲದು. ಬಂಡೀಪುರದಲ್ಲಿ ಕ್ಯಾಮರಾದಲ್ಲಿ ದಾಖಲಾಗಿದ್ದ ಗಂಡು ಹುಲಿಯೊಂದು 2011ರಲ್ಲಿ ಸುಮಾರು 280 ಕಿ.ಮೀ. ದೂರದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಸೆರೆಸಿಕ್ಕಿತು. ಪಟ್ಟೆಗಳಿಂದ ಅದರ ಗುರುತು ಪತ್ತೆಯಾಯಿತು. ಕಾಡಿನಿಂದ ಕಾಡಿಗೆ ಹೋಗುವ ಇಂತಹ ಹುಲಿಗಳೇ ಹೊಸ ರಕ್ತಸಂಬಂಧವನ್ನು ಒದಗಿಸಿ ಸಂತತಿಯನ್ನು ಸದೃಢವಾಗಿಡುತ್ತವೆ. ರಸ್ತೆ, ರೈಲುಮಾರ್ಗ, ಕಾಲುವೆ, ಗಣಿ ಹಾಗೂ ಬಡಾವಣೆಗಳಿಂದ ಕಾಡುಗಳ ನಡುವಿನ ಹಾದಿ ಕಡಿದುಹೋದರೆ, ಪ್ರತಿ ಕಾಡೂ ಒಂದು ದ್ವೀಪವಾಗುತ್ತದೆ.

5. ಕಳೆಗಿಡಗಳು ಮತ್ತು ಕಾಳ್ಗಿಚ್ಚು

ಲಂಟಾನ ಹಾಗೂ ಸೆನ್ನಾ ಗಿಡಗಳು ದಟ್ಟವಾಗಿ ಹಬ್ಬಿದಲ್ಲಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಬೇಸಿಗೆಯಲ್ಲಿ ಒಣಗಿದ ಲಂಟಾನ ಬೆಂಕಿಯನ್ನು ಬೇಗ ಹರಡುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚು ಸಾವಿರಾರು ಎಕರೆ ಕಾಡನ್ನು ಸುಟ್ಟಿತು.

ಜನರ ಸಂಕಷ್ಟ

ಹುಲಿಯ ಸಂರಕ್ಷಣೆಯ ವಿಚಾರದಲ್ಲಿ ಕಾಡಂಚಿನ ಜನರ ನೋವನ್ನು ಮರೆಯುವಂತಿಲ್ಲ. 2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿ ದಾಳಿಯಿಂದ ರೈತರು ಪ್ರಾಣ ಕಳೆದುಕೊಂಡರು. ಜನರ ಆಕ್ರೋಶದ ನಡುವೆ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿ, ಸಿಬ್ಬಂದಿಯನ್ನು ಹುಲಿಗಳ ಪತ್ತೆ ಕಾರ್ಯಕ್ಕೆ ನಿಯೋಜಿಸಲಾಯಿತು. ಹೊಲಕ್ಕೆ ಹೋದವರು ಮನೆಗೆ ಮರಳುವರೋ ಇಲ್ಲವೋ ಎಂಬ ಭಯದಲ್ಲಿ ಬದುಕುವವರಿಗೆ ಹುಲಿಗಳ ಸಂಖ್ಯೆಯ ಏರಿಕೆಯು ಸಂತೋಷವನ್ನು ತರಲಾರದು. ಹುಲಿ ಇಡೀ ದೇಶದ ಸಂಪತ್ತು. ಅದನ್ನು ಉಳಿಸಿಕೊಳ್ಳುವ ವೆಚ್ಚವನ್ನು ಕಾಡಂಚಿನ ಕುಟುಂಬಗಳು ಮಾತ್ರವೇ ಭರಿಸುವಂತಾಗಬಾರದು.

ಫಲ ನೀಡಿದ ಕ್ರಮಗಳು

ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2002ರ ಸುಮಾರಿಗೆ ಚಿಕ್ಕಮಗಳೂರು ಜಿಲ್ಲೆಯ ಎಂ.ಸಿ. ಹಳ್ಳಿ ಹಾಗೂ ಕೆಳಗೂರಿಗೆ ಸ್ಥಳಾಂತರಗೊಂಡವು. ಜನರೊಂದಿಗೆ ಮಾತುಕತೆ ನಡೆಸಿ, ಜಮೀನು ಮತ್ತು ಮನೆಗಳನ್ನು ಒದಗಿಸಿ ನಡೆಸಿದ ಈ ಕಾರ್ಯವನ್ನು ದೇಶದಲ್ಲಿ ಮಾದರಿಯೆಂದು ಪರಿಗಣಿಸಲಾಗುತ್ತದೆ.

ಸ್ಥಳಾಂತರವೊಂದೇ ದಾರಿಯಲ್ಲ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಿದರ್ಶನ. ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವ ಈ ಸಮುದಾಯಕ್ಕೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆಯೇ ಸಾಮುದಾಯಿಕ ಅರಣ್ಯ ಹಕ್ಕುಗಳನ್ನು ಮಾನ್ಯ ಮಾಡಲಾಯಿತು.

ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣ, 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಕ್ರಮವನ್ನು ಎತ್ತಿಹಿಡಿಯಿತು.

ಕೆ.ಜಿ.ಎಫ್. ಪ್ರದೇಶಕ್ಕೂ ಹುಲಿಯ ಕಾಡಿಗೂ ಇರುವ ಸಂಬಂಧ

1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ತರಲಾಯಿತು. ಅದಕ್ಕೆ ಮುಂಚೆ ಗಣಿಯ ಯಂತ್ರಗಳು ಉರುವಲನ್ನು ನಂಬಿದ್ದವು. ಸುರಂಗಗಳ ಆಧಾರಕ್ಕೆ ಮರದ ದಿಮ್ಮಿಗಳು ಬೇಕಾಗಿದ್ದವು. ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ಕೆಳಭಾಗದ ಕಣಿವೆಯು ಇಂದು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು, ಅಲ್ಲಿಂದ ದಕ್ಷಿಣಕ್ಕೆ ಮಲೆಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಹಾಗೂ ತಮಿಳುನಾಡಿನ ಸತ್ಯಮಂಗಲದ ಹುಲಿಯ ಕಾಡುಗಳು ಒಂದಕ್ಕೊಂದು ಕೂಡಿಕೊಂಡಿವೆ.

ಇದೇ ಕಾಡಿನ ಸಾಲು ಪೂರ್ವಕ್ಕೆ ತಮಿಳುನಾಡಿನ ಹೊಸೂರು ಭಾಗದ ಕಾಡುಗಳವರೆಗೆ ಚಾಚಿಕೊಂಡಿದೆ. ಅಲ್ಲಿಂದ 1980ರ ದಶಕದಲ್ಲಿ ಹೊರಟ ಆನೆಗಳು ಕೋಲಾರದ ಗಡಿಭಾಗವನ್ನು ಹಾದು ಆಂಧ್ರಪ್ರದೇಶದ ಕುಪ್ಪಂ, ಪಲಮನೇರು ಕಾಡುಗಳನ್ನು ತಲುಪಿದವು. ಆ ಕಾಡನ್ನು 1990ರಲ್ಲಿ ಕೌಂಡಿನ್ಯ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕಾಮಸಮುದ್ರದ ರಾಗಿ ಹೊಲಕ್ಕೆ ಬರುವ ಆನೆಯು ಕಾವೇರಿ ಕಣಿವೆಯ ಕಾಡಿಗೂ ಈ ನಾಡಿಗೂ ಇನ್ನೂ ಉಳಿದಿರುವ ಕೊಂಡಿಯಾಗಿರುತ್ತದೆ.

ಕೋಲಾರ ಜಿಲ್ಲೆಯು ಹೈನುಗಾರಿಕೆಗೆ ಹೆಸರಾದುದು. ಚಿರತೆಯು ಕರುವನ್ನು ಹೊತ್ತೊಯ್ದಾಗ, ಆನೆಯು ಬೆಳೆಯನ್ನು ತುಳಿದಾಗ ಇಲ್ಲಿನ ರೈತನಿಗೆ ಆಗುವ ನಷ್ಟವೂ, ಹೂಗ್ಯಂ ಭಾಗದ ದನಗಾಹಿಗೆ ಆಗುವ ನಷ್ಟವೂ ಬೇರೆಯಲ್ಲ. ಸಿಟ್ಟಿನಲ್ಲಿ ತೆಗೆದುಕೊಳ್ಳಬಹುದಾದ ತಪ್ಪು ನಿರ್ಧಾರವೂ ಬೇರೆಯಲ್ಲ. ಗಣಿಯ ಸೈನೈಡ್ ದಿಬ್ಬಗಳ ಮಗ್ಗುಲಲ್ಲಿ ತಲೆಮಾರುಗಳಿಂದ ಬಾಳಿದ ಜನರಿಗೆ ವಿಷವೆಂಬುದು ಹಾಕಿದ ಜಾಗದಲ್ಲಿಯೇ ನಿಲ್ಲುವುದಿಲ್ಲವೆಂಬುದು ತಿಳಿದ ಸಂಗತಿ. ಕಳೇಬರಕ್ಕೆ ಹಾಕಿದ ವಿಷವೂ ಹಾಗೆಯೇ. ಅದು ಚಿರತೆಯನ್ನಲ್ಲದೆ ನರಿ, ಹದ್ದು, ಊರ ನಾಯಿಗಳನ್ನೂ ಕೊಲ್ಲುತ್ತದೆ. ಮಳೆ ನೀರಿನೊಂದಿಗೆ ಕೆರೆಯನ್ನು ಸೇರುತ್ತದೆ.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1. ಕಾಡುಪ್ರಾಣಿಯಿಂದ ದನ, ಕುರಿ, ಮೇಕೆ ಸತ್ತಲ್ಲಿ ಕಳೇಬರವನ್ನು ಸ್ಥಳಾಂತರಿಸದೆ, ಕೂಡಲೇ ಹತ್ತಿರದ ಅರಣ್ಯ ಕಛೇರಿಗೆ ತಿಳಿಸತಕ್ಕದ್ದು. ಅರಣ್ಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು.
2. ಸಿಬ್ಬಂದಿಯು ಮಹಜರು ನಡೆಸಿ, ಪಶುವೈದ್ಯಾಧಿಕಾರಿಯಿಂದ ಪರಿಶೀಲನೆ ಆಗುವವರೆಗೆ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು ಉತ್ತಮ. ಜಾನುವಾರು, ಬೆಳೆ ಹಾಗೂ ಪ್ರಾಣಹಾನಿಗೆ ನಿಯಮಾನುಸಾರ ಪರಿಹಾರಧನವಿದ್ದು, ಅರ್ಜಿಗಳನ್ನು ‘ಇ-ಪರಿಹಾರ’ ವ್ಯವಸ್ಥೆಯಲ್ಲಿ ದಾಖಲಿಸಲಾಗುತ್ತದೆ.
3. ಯಾವುದೇ ಕಾರಣಕ್ಕೂ ಕಳೇಬರಕ್ಕೆ ವಿಷ ಹಾಕಬಾರದು. ವಿಷ ಹಾಕಿರುವ ಸುಳಿವು ದೊರೆತರೆ ತಡಮಾಡದೆ ತಿಳಿಸಬೇಕು. ಒಂದು ದಿನದ ವಿಳಂಬವೂ ಹಲವು ಜೀವಗಳಿಗೆ ಕುತ್ತಾಗಬಹುದು.
4. ಬೇಲಿಗೆ ನೇರ ವಿದ್ಯುತ್ ಹರಿಸುವುದು, ಉರುಳು ಕಟ್ಟುವುದು ಹಾಗೂ ಸಿಡಿಮದ್ದು ಇಡುವುದು ಶಿಕ್ಷಾರ್ಹ ಅಪರಾಧ. ಕ್ಷಣಮಾತ್ರ ಮಿಡಿಯುವ ಕಡಿಮೆ ಪ್ರಮಾಣದ ವಿದ್ಯುತ್ತಿನ ಸೌರಬೇಲಿಯು ಪ್ರಾಣಿಯನ್ನು ಕೊಲ್ಲದೆ ಹಿಮ್ಮೆಟ್ಟಿಸುತ್ತದೆ.
5. ರಾತ್ರಿ ವೇಳೆ ಜಾನುವಾರುಗಳನ್ನು ಬಾಗಿಲು ಮತ್ತು ಮೇಲ್ಛಾವಣಿಯಿರುವ ಕೊಟ್ಟಿಗೆಯಲ್ಲಿ ಕಟ್ಟಬೇಕು. ಸತ್ತ ದನಗಳನ್ನು ಊರ ಅಂಚಿನಲ್ಲಿ ಎಸೆಯದೆ ಹೂಳಬೇಕು.
6. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಕಾಡಂಚಿನ ಹೊಲಗಳಿಗೆ ಒಬ್ಬರೇ ಹೋಗಬಾರದು. ಚಿರತೆ ಅಥವಾ ಹುಲಿ ಕಂಡಲ್ಲಿ ಗುಂಪುಗೂಡಿ ಬೆನ್ನಟ್ಟಬಾರದು.
7. ಹುಲಿಯುಗುರು, ಹಲ್ಲು, ಚರ್ಮಗಳನ್ನು ಕೊಳ್ಳುವುದಾಗಲಿ, ಮಾರುವುದಾಗಲಿ, ಧರಿಸುವುದಾಗಲಿ ಮಾಡಬಾರದು.

ಉಪಸಂಹಾರ

ಹುಲಿ ಇರುವ ಕಾಡಿನಲ್ಲಿ ಜಿಂಕೆಯಿರುತ್ತದೆ, ಜಿಂಕೆಗೆ ಹುಲ್ಲಿರುತ್ತದೆ, ಹುಲ್ಲಿನ ಬುಡದಲ್ಲಿ ನೀರು ಇಂಗುತ್ತದೆ. ಕಾವೇರಿ ಹಾಗೂ ಅದರ ಉಪನದಿಗಳಾದ ಕಬಿನಿ, ಸುವರ್ಣಾವತಿಗಳು ಹರಿಯುವುದು ಇಂತಹ ಕಾಡುಗಳ ನೆರಳಿನಲ್ಲಿ. ಅಂತರ್ಜಲ ಬತ್ತಿದ ಕೋಲಾರದ ಜನರಿಗೆ ನೀರಿಂಗಿಸುವ ಕಾಡಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಾನೂನು, ಕ್ಯಾಮರಾ ಮತ್ತು ಕಾವಲುಗಾರರಿಂದ ಕಾಡಿನ ಒಳಗಿನ ಹುಲಿಯನ್ನು ಕಾಯಬಹುದು. ಕಾಡಿನ ಅಂಚಿಗೆ ಬಂದ ಹುಲಿಯನ್ನು ಕಾಯಬಲ್ಲವರು ಅಲ್ಲಿನ ಜನರು ಮಾತ್ರ. ಹಸುವನ್ನು ಕಳೆದುಕೊಂಡ ರೈತನ ದೂರನ್ನು ಅದೇ ದಿನ ಸ್ವೀಕರಿಸಿ, ಪರಿಹಾರವನ್ನು ಸಕಾಲದಲ್ಲಿ ತಲುಪಿಸುವುದು ಆಡಳಿತದ ಹೊಣೆ. ಸಿಟ್ಟನ್ನು ತಡೆದು ದೂರನ್ನು ದಾಖಲಿಸುವುದು ರೈತನ ಹೊಣೆ. ಈ ಎರಡೂ ಹೊಣೆಗಳು ನೆರವೇರಿದಲ್ಲಿ ರೈತನ ಬದುಕೂ ಹುಲಿಯ ಸಂತತಿಯೂ ಉಳಿಯುತ್ತವೆ. ಈ ಕಾರ್ಯದಲ್ಲಿ ಸಾರ್ವಜನಿಕರೆಲ್ಲರೂ ಸಹಕರಿಸಬೇಕೆಂದು ಕೋರಲಾಗಿದೆ.